ನಂಬದವರಿಗೆ ನೋಯದ ಸೂಜಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಉದ್ದನೆಯ ಪಡಸಾಲೆಯಲ್ಲಿ ಆಗಲೇ ಜನ ಸಾಲುಗಟ್ಟಿದ್ದಾರೆ. ಎಲ್ಲರದೂ ಖಾಲಿ ಹೊಟ್ಟೆ, ಎಲ್ಲರ ಮುಖವೂ ಗಂಟು. ಬೆಳಗಿನ ಕಾಫಿ ಬೀಳದ ಮನುಷ್ಯ ಹೆತ್ತ ತಾಯಿಯನ್ನೂ ನಂಬುವುದಿಲ್ಲ ಎಂಬುದು ಇಲ್ಲಿ ಐದು ನಿಮಿಷ ನಿಂತರೆ ತಿಳಿಯುತ್ತದೆ. ಮುಂದಿನವನು ನಡುವೆ ನುಗ್ಗಿದನೇ ಎಂದು ಹಿಂದಿನವಳಿಗೆ ಅನುಮಾನ. ಟೋಕನ್ ಸಂಖ್ಯೆಯನ್ನು ಹಾರಿಸಿ ಕೂಗುತ್ತಿದ್ದಾರೆಯೇ ಎಂದು ಬೆಂಚಿನ ತುದಿಯಲ್ಲಿರುವವರಿಗೆ ಅನುಮಾನ. ಒಳಗೆ ಎಷ್ಟು ರಕ್ತ ಎಳೆಯುತ್ತಾರೋ ಎಂಬ ಅನುಮಾನವಂತೂ ಸಮಸ್ತರಿಗೂ ಇದೆ.

ಒಳಗಿನ ಪುಟ್ಟ ಕೋಣೆಯಲ್ಲಿ ಒಂದು ಕೈಕುರ್ಚಿ, ಒಂದು ಮೇಜು, ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು, ಸ್ಪಿರಿಟ್ಟಿನ ವಾಸನೆ. ಕುರ್ಚಿಯಲ್ಲಿ ಈಗ ಕೂತಿರುವುದು ಒಬ್ಬ ಲಾರಿ ಚಾಲಕ. ಕುರ್ಚಿ ತುಂಬಿ ಹೊರಗೂ ಚಾಚಿಕೊಂಡಿರುವ ಮೈ, ಕಂಡವರು ಹೆದರುವಂಥ ಮೀಸೆ. ಆದರೆ ಕಣ್ಣು ಮಾತ್ರ ಸೂಜಿಯ ಮೇಲೆ ಅಂಟಿ ಕೂತಿದೆ. ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿರುವ ಹೆಂಗಸು, ಹವಾಮಾನದ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಕೇಳುತ್ತಾಳೆ.

"ಅಣ್ಣ, ಶುಕ್ರ ಗ್ರಹದಲ್ಲಿ ವರ್ಷಕ್ಕಿಂತ ದಿನ ದೊಡ್ಡದು. ಗೊತ್ತಾ?"

"ಏನಂದ್ರಿ?"

"ವರ್ಷ ಮುಗಿದ್ರೂ ದಿನ ಮುಗಿದಿರಲ್ಲ ಅಲ್ಲಿ."

"ಅದ್ಹೇಗಮ್ಮ ಆಗುತ್ತೆ? ದಿನ ದಿನ ಸೇರಿ ತಾನೇ ವರ್ಷ ಆಗೋದು? ಯಾರಿಗೆ ಹೇಳ್ತಿದ್ದೀರ?"

"ಸೂರ್ಯನ ಸುತ್ತ ಬೇಗ ಸುತ್ತುತ್ತೆ, ತನ್ನ ಸುತ್ತ ನಿಧಾನ. ಹತ್ತಿ ಒತ್ತಿ ಹಿಡ್ಕೊಳ್ಳಿ, ಆಯ್ತು."

ಚಾಲಕ ತನ್ನ ತೋಳು ನೋಡಿಕೊಳ್ಳುತ್ತಾನೆ. ಟ್ಯೂಬು ತುಂಬಿ ಪಕ್ಕದ ಸ್ಟ್ಯಾಂಡಿಗೆ ಹೋಗಿ ಕೂತಾಗಿದೆ. ತನ್ನಿಂದ ಏನೋ ಕದ್ದರು ಎಂಬ ಮುಖದಲ್ಲಿ ಎದ್ದು, ಬಾಗಿಲ ಹತ್ತಿರ ಒಮ್ಮೆ ತಿರುಗಿ, "ಬುರುಡೆ ಬಿಡ್ತೀರ ನೀವು" ಎಂದು ಹೇಳಿ ಹೋಗುತ್ತಾನೆ. ಅವಳು ಆಗಲೇ ಮುಂದಿನ ಟೋಕನ್ ಕೂಗುತ್ತಿದ್ದಾಳೆ.

ಇವಳನ್ನು ಸಾಲಿನವರು ಕರೆಯುವುದು ಸೂಜಿ ಅಕ್ಕ ಎಂದು. ಚುಚ್ಚಿದರೆ ಗೊತ್ತೇ ಆಗುವುದಿಲ್ಲವಂತೆ, ಬಾಯಲ್ಲಿ ಲೋಕದ ಸಂಗತಿಗಳೆಲ್ಲ ಇವೆಯಂತೆ ಎಂದು ನನ್ನ ಪಕ್ಕದ ಮನೆಯವರು ಹೊಗಳಿದಾಗ ನಾನು ನಂಬಿರಲಿಲ್ಲ. ಈ ಅಂಕಣಕ್ಕೆ ಎಲೆಮರೆಯ ಕಾಯಿಗಳನ್ನು ಹುಡುಕಿ ಹುಡುಕಿ ನನಗೆ ಒಂದು ಕಾಯಿಲೆ ಬಂದಿದೆ. ಯಾರನ್ನಾದರೂ ಹೊಗಳಿದರೆ ಹಿಂದೆ ಯಾರು ನಿಂತು ಹೊಗಳಿಸುತ್ತಿದ್ದಾರೆ ಎಂದು ನೋಡುತ್ತೇನೆ. ಆಸ್ಪತ್ರೆಯವರೇ ಪ್ರಚಾರಕ್ಕೆ ಹೀಗೆ ಹಬ್ಬಿಸಿರಬಹುದು. ಅಥವಾ ಈ ಹೆಂಗಸು ನೋಡುವವರಿದ್ದಾಗ ಮಾತ್ರ ಹೀಗೆ ನಾಟಕ ಆಡುತ್ತಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಇವಳು ಹೇಳುವುದೆಲ್ಲ ಶುದ್ಧ ಕಾಗೆ ಹಾರಿಸುವುದೇ ಇರಬಹುದು. ಆದ್ದರಿಂದ ಮೂಲೆಯ ಸ್ಟೂಲಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೇನೆ.

ಒಬ್ಬ ದರ್ಜಿ ಬರುತ್ತಾನೆ. ಹಳೆಯ ಕಾಲದಲ್ಲಿ ಒಂದು ಯುದ್ಧ ಒಂದು ಗಂಟೆಯೂ ನಡೆಯದೆ ಮುಗಿದು ಹೋಯಿತು ಎಂದು ಅವನಿಗೆ ಹೇಳುತ್ತಾಳೆ. ಅವನು "ಅಷ್ಟರಲ್ಲಿ ಒಂದು ಪ್ಯಾಂಟಿನ ಅಳತೆ ತೆಗೆಯೋಕೂ ಆಗಲ್ಲ" ಎನ್ನುತ್ತಿರುವಾಗಲೇ ಸೂಜಿ ಹೋಗಿ ಹೊರಬಂದಿರುತ್ತದೆ. ಕಾಲೇಜು ಹುಡುಗಿಯೊಬ್ಬಳಿಗೆ ಸಿನಿಮಾದ ಸಂಗತಿ. ಈಗ ಸಿನಿಮಾಗೆ ಮೊದಲು ತೋರಿಸುವ ಟ್ರೇಲರನ್ನು ಹಳೆಯ ಕಾಲದಲ್ಲಿ ಸಿನಿಮಾ ಮುಗಿದ ಮೇಲೆ ತೋರಿಸುತ್ತಿದ್ದರು, ಟ್ರೇಲ್ ಎಂದರೆ ಹಿಂಬಾಲಿಸುವುದು, ಅದಕ್ಕೇ ಆ ಹೆಸರು. ಹುಡುಗಿ "ಮುಗಿದ ಮೇಲೆ ಯಾರು ಕೂತಿರ್ತಾರೆ ಆಂಟಿ?" ಎಂದು ಹುಬ್ಬು ಗಂಟಿಕ್ಕುತ್ತಾಳೆ. ಕೆಲಸ ಮುಗಿದಿದೆ. ಉಸಿರು ಬಿಗಿಹಿಡಿದಿದ್ದ ಒಬ್ಬ ಅಜ್ಜಿಗೆ ಆಕ್ಟೋಪಸ್ಸಿನ ಮೂರು ಹೃದಯಗಳ ಲೆಕ್ಕ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ಒಂದನ್ನು ಇಟ್ಕೊಂಡೇ ನಾವು ಇಷ್ಟು ಪಾಡು ಪಟ್ವಲ್ಲೇ" ಎನ್ನುತ್ತಾಳೆ. ಇಡೀ ಕೋಣೆ ನಗುತ್ತದೆ. ನಾನು ಮಾತ್ರ ನಗದೆ, ಮೂರು ಹೃದಯ ನಿಜವೇ ಎಂದು ಫೋನಿನಲ್ಲಿ ಹುಡುಕುತ್ತೇನೆ. ನಿಜ. ಯುದ್ಧವೂ ನಿಜ, ಟ್ರೇಲರೂ ನಿಜ. ಇದರಿಂದ ನನ್ನ ಅನುಮಾನ ಇಳಿಯುವುದಿಲ್ಲ, ಬೇರೆ ಕಡೆಗೆ ತಿರುಗುತ್ತದೆ ಅಷ್ಟೆ.

ಸಾಲು ಕರಗಿದ ಮೇಲೆ ಅವಳು ಗ್ಲೌಸ್ ಕಳಚಿ, ಕಾಲು ನೀಡಿ ಕೂರುತ್ತಾಳೆ. ಜನರ ಗಮನ ಬೇರೆಡೆ ಸೆಳೆಯುವುದೇ ಗುಟ್ಟೇ ಎಂದು ಕೇಳುತ್ತೇನೆ. ಅವಳು ತಲೆ ಅಲ್ಲಾಡಿಸುತ್ತಾಳೆ.

"ಗಮನ ಸೆಳೆದ್ರೆ ಸಾಲಲ್ಲ ಮೇಡಂ. 'ಓ ಹೌದಾ' ಅಂದ್ಬಿಟ್ರೆ ಮತ್ತೆ ಸೂಜಿ ಕಡೆಗೇ ಬಂದ್ಬಿಡ್ತಾರೆ. ಅನುಮಾನ ಬರ್ಬೇಕು. 'ಇವಳು ನನ್ನ ಕಿವಿ ಮೇಲೆ ಹೂ ಇಡ್ತಿದ್ದಾಳೆ' ಅಂತ ಅನ್ನಿಸ್ಬೇಕು. ಅನುಮಾನ ಪಡ್ತಾ ಇರೋವಾಗ ಮನುಷ್ಯನಿಗೆ ಮೈ ಮೇಲೆ ಜ್ಞಾನ ಇರಲ್ಲ. ನಂಬಿದವರಿಗೆ ನೋಯುತ್ತೆ. ನಂಬದೇ ಇರೋರಿಗೆ ನೋಯಲ್ಲ."

ನನಗೆ ಈ ಮಾತಿನ ಮೇಲೂ ಅನುಮಾನ. ಚೆನ್ನಾಗಿ ಕೇಳಿಸುವ ಮಾತುಗಳನ್ನು ನಾನು ವೃತ್ತಿಯಿಂದಲೇ ದೂರ ಇಡುತ್ತೇನೆ. ಸರಿ, ನನ್ನ ಮೇಲೇ ಪರೀಕ್ಷಿಸಿ ಎಂದು ತೋಳು ಚಾಚುತ್ತೇನೆ. ನನಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ, ಅದನ್ನು ಅವಳಿಗೆ ಹೇಳುವುದಿಲ್ಲ. ಅವಳು ಸಂಗತಿ ಹೇಳುತ್ತಾಳೆಂದು ಮೊದಲೇ ಗೊತ್ತಿರುವುದರಿಂದ ನಾನು ಸೂಜಿಯ ಮೇಲೇ ಕಣ್ಣಿಟ್ಟು ಹಲ್ಲು ಕಚ್ಚಿ ಕೂರುತ್ತೇನೆ.

"ಕ್ಲಿಯೋಪಾತ್ರ ರಾಣಿ ಇದ್ಳಲ್ಲ ಮೇಡಂ, ಅವಳ ಕಾಲಕ್ಕೆ ದೊಡ್ಡ ಪಿರಮಿಡ್ ಕಟ್ಟಿದ್ದು ಹತ್ತಿರಾನಾ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು ಹತ್ತಿರಾನಾ?"

"ಪಿರಮಿಡ್ ತಾನೇ? ಎರಡೂ ಒಂದೇ ದೇಶದ್ದು."

"ಚಂದ್ರ."

"ಸಾಧ್ಯವೇ ಇಲ್ಲ!" ಎಂದು ನಾನು ಬಿ.ಎ. ಓದುವಾಗ ಬಾಯಿಪಾಠ ಮಾಡಿದ ಇಸವಿಗಳನ್ನೆಲ್ಲ ಎಳೆದು ತಂದು ಕೂಡಿ ಕಳೆಯುತ್ತೇನೆ. ಕ್ರಿಸ್ತಪೂರ್ವವನ್ನು ಕೂಡಬೇಕೋ ಕಳೆಯಬೇಕೋ ಎಂಬಲ್ಲಿ ತಡವರಿಸುತ್ತೇನೆ. ಲೆಕ್ಕ ಅವಳು ಹೇಳಿದಂತೆಯೇ ಬರುತ್ತದೆ. ಅಷ್ಟರಲ್ಲಿ ನನ್ನ ಮೊಣಕೈಯ ಒಳಮಡಿಕೆಯಲ್ಲಿ ಹತ್ತಿ ಇದೆ. ನನಗೆ ನಾಚಿಕೆಯೂ ಆಗುತ್ತದೆ, ಏನೋ ಖುಷಿಯೂ ಆಗುತ್ತದೆ.

ಸಿಕ್ಕಿದ ಸಂಗತಿಯನ್ನೆಲ್ಲ ಸಿಕ್ಕವರಿಗೆಲ್ಲ ಹೇಳುವಂತಿಲ್ಲ ಎಂದು ಆಮೇಲೆ ವಿವರಿಸುತ್ತಾಳೆ. ನರ ಎದ್ದು ಕಾಣುವವರಿಗೆ ಒಂದೇ ಸಾಲಿನದು ಸಾಕು. ನರ ಜಾರುವವರಿಗೆ ಇಸವಿ, ಲೆಕ್ಕ ಇರುವಂಥ ಇತಿಹಾಸದ್ದೇ ಆಗಬೇಕು. ಖಾಲಿ ಹೊಟ್ಟೆಯವರ ಮುಂದೆ ತಿನ್ನುವ ವಸ್ತುವಿನ ಹೆಸರು ಎತ್ತುವಂತಿಲ್ಲ. ಒಮ್ಮೆ ಬೆಳಿಗ್ಗೆ ಬೆಳಿಗ್ಗೆ, ಸಸ್ಯಶಾಸ್ತ್ರದ ಪ್ರಕಾರ ಬಾಳೆಹಣ್ಣು ಬೆರ್ರಿ ಜಾತಿಗೆ ಸೇರುತ್ತದೆ, ಸ್ಟ್ರಾಬೆರ್ರಿ ಸೇರುವುದಿಲ್ಲ ಎಂದು ಹೇಳಿದ್ದಕ್ಕೆ ಒಬ್ಬ ಸಕ್ಕರೆ ಕಾಯಿಲೆಯ ಮನುಷ್ಯ ರಕ್ತ ಕೊಡದೆ ಎದ್ದು ಕ್ಯಾಂಟೀನಿಗೆ ಹೋದನಂತೆ. ರಕ್ತದ ಮಾತಂತೂ ಬೇಡವೇ ಬೇಡ. ಹಳೆಯ ಕಪ್ಪು ಬಿಳುಪು ಸಿನಿಮಾಗಳಲ್ಲಿ ರಕ್ತ ಎಂದು ಚಾಕೊಲೇಟ್ ಪಾಕ ತೋರಿಸಿದ್ದುಂಟು ಎಂಬುದು ಅವಳ ಮೆಚ್ಚಿನ ಸಂಗತಿ. ಅದರಲ್ಲಿ ರಕ್ತವೂ ಇದೆ, ತಿಂಡಿಯೂ ಇದೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಲಾಗಿಲ್ಲ ಎಂಬ ಕೊರಗು ಅವಳಿಗೆ.

"ಹೇಗೂ ಅನುಮಾನ ಬಂದ್ರೆ ಸಾಕಲ್ಲ, ಸುಳ್ಳನ್ನೇ ಹೇಳಿದ್ರೆ ಕೆಲಸ ನಡೆಯಲ್ವಾ?" ಎಂದು ಕೆದಕುತ್ತೇನೆ.

ಅವಳು ಮೊದಲ ಸಲ ನನ್ನನ್ನು ಸರಿಯಾಗಿ ದಿಟ್ಟಿಸುತ್ತಾಳೆ. "ಚುಚ್ಚೋವಾಗ ನಡೆಯುತ್ತೆ ಮೇಡಂ. ಸಂಜೆ ಇದೇ ಬಾಗಿಲಲ್ಲಿ ರಿಪೋರ್ಟ್ ಕೊಡ್ತೀವಲ್ಲ, ಅದನ್ನ ಅವರು ನಂಬಬೇಕಲ್ಲ."

ಮಾರನೆಯ ಸಂಜೆ ಅವಳ ಮನೆಗೆ ಹೋಗುತ್ತೇನೆ. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಗೆ ಒರಗಿ ಕೂತ ಅತ್ತೆ. ಸಂಗತಿಗಳು ಬರುವುದು ಎಲ್ಲೆಲ್ಲಿಂದಲೋ. ಸಾಮಾನು ಕಟ್ಟಿ ಕೊಟ್ಟ ಹಳೆಯ ಪೇಪರಿನಿಂದ, ಟಿವಿಯ ಪ್ರಶ್ನೋತ್ತರದಿಂದ, ಬೆಳಗಾದರೆ ಫೋನಿಗೆ ಬಂದು ಬೀಳುವ ಸಂದೇಶಗಳಿಂದ. ಬಂದದ್ದು ಆಸ್ಪತ್ರೆಗೆ ಹೋಗುವ ಮೊದಲು ಅತ್ತೆಯ ಕಿವಿಯ ಮೇಲೆ ಬೀಳಲೇಬೇಕು. ನನ್ನ ಎದುರೇ ಪರೀಕ್ಷೆ ನಡೆಯುತ್ತದೆ. ಸೊಸೆ ಪಾತ್ರೆ ತಿಕ್ಕುತ್ತಾ, "ಅತ್ತೆ, ಭೂಮಿ ಮೇಲೆ ಮರ ಹುಟ್ಟೋಕೆ ಮೊದಲೇ ಶಾರ್ಕ್ ಮೀನು ಇತ್ತಂತೆ" ಎನ್ನುತ್ತಾಳೆ.

"ಸುಮ್ನಿರೇ. ಮರ ಇಲ್ದೆ ಮೀನಂತೆ. ತಲೆ ಕೆಟ್ಟಿದ್ಯಾ ನಿನಗೆ?"

ಸೊಸೆಯ ಮುಖ ಅರಳುತ್ತದೆ. ಅತ್ತೆ ಬೈದರೆ ಸಂಗತಿ ಪಾಸು. "ಹೌದೇನೇ?" ಎಂದರೆ ಫೇಲು, ಆ ಸಂಗತಿ ಮನೆಯಿಂದ ಹೊರಗೆ ಹೋಗುವುದಿಲ್ಲ. ಪಾಸಾದದ್ದನ್ನು ಡಿಗ್ರಿ ಓದುವ ಮಗಳು ಎರಡು ಕಡೆ ಹುಡುಕಿ, ಎರಡೂ ಕಡೆ ಒಂದೇ ಇದ್ದರೆ ಮಾತ್ರ "ಹೇಳಮ್ಮ, ಪರವಾಗಿಲ್ಲ" ಎಂದು ಬಿಡುತ್ತಾಳೆ. ಅತ್ತೆ ನನ್ನ ಕಡೆ ವಾಲಿ ಪಿಸುಗುಡುತ್ತಾರೆ, "ಇವಳು ಆಸ್ಪತ್ರೆಯಲ್ಲಿ ನಿಜವಾಗ್ಲೂ ಕೆಲಸ ಮಾಡ್ತಾಳಾ, ಇಲ್ಲ ಇದನ್ನೇ ಹೇಳ್ಕೊಂಡು ಕೂತಿರ್ತಾಳಾ?" ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅವರು ನಂಬಿದಂತೆ ಕಾಣುವುದಿಲ್ಲ. ಆ ಮನೆಯಲ್ಲಿ ನನಗೆ ತಕ್ಕ ಜೊತೆ ಸಿಕ್ಕಿತು ಎನ್ನಿಸುತ್ತದೆ.

ಅವಳು ಲ್ಯಾಬಿಗೆ ಸೇರಿದ್ದು ಸೂಜಿ ಹಿಡಿಯಲು ಅಲ್ಲ. ರಕ್ತದ ಕೋಣೆಯ ಹಿಂದೆ ಯಂತ್ರದ ಕೋಣೆಯೊಂದಿದೆ. ಕಿಟಕಿ ಇಲ್ಲ. ಟ್ಯೂಬುಗಳು ಗಿರಗಿರ ತಿರುಗುವ ಯಂತ್ರದ ಗುಂಯ್‌ಗುಟ್ಟುವಿಕೆಯಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಅಲ್ಲಿ ಗಾಜು ತೊಳೆಯುತ್ತಾ, ಲೇಬಲ್ ಅಂಟಿಸುತ್ತಾ ಅವಳ ಯೌವನ ಕಳೆದಿದೆ. ಗಂಡ ತೀರಿಕೊಂಡ ವರ್ಷವೂ ಅಲ್ಲೇ. "ಅಳೋಕೆ ಅನುಕೂಲ ಇತ್ತು ಮೇಡಂ, ಯಾರಿಗೂ ಕೇಳಿಸ್ತಿರ್ಲಿಲ್ಲ" ಎನ್ನುತ್ತಾಳೆ. ಸೂಜಿ ಹಿಡಿಯುವುದನ್ನು ಕಲಿತದ್ದು ರಜೆ ಹಾಕಿದವರ ಜಾಗದಲ್ಲಿ ನಿಂತು ನಿಂತು, ಆಮೇಲೆ ಪರೀಕ್ಷೆಯನ್ನೂ ಕಟ್ಟಿ ಪಾಸಾದಳು. ಅವಳ ಮೊದಲ ರೋಗಿ, ಒಬ್ಬ ಕುಸ್ತಿಪಟು, ಸೂಜಿ ಕಂಡೇ ಮೂರ್ಛೆ ಹೋದ. ಎಚ್ಚರವಾದ ಮೇಲೆ ಏನು ಹೇಳಬೇಕೋ ತೋಚದೆ, ಜಿರಾಫೆಯ ಕುತ್ತಿಗೆಯಲ್ಲೂ ನಮ್ಮಷ್ಟೇ ಏಳು ಮೂಳೆ ಎಂದುಬಿಟ್ಟಳಂತೆ. ಅವನು ಜಗಳಕ್ಕೆ ಬಿದ್ದ. ಜಗಳ ಮುಗಿಯುವುದರೊಳಗೆ ರಕ್ತ ತೆಗೆದಾಗಿತ್ತು. ಕಸುಬು ಅಲ್ಲಿಂದ ಶುರು.

"ಊರವರ ನರ ಹುಡುಕಿ ಹುಡುಕಿ ನನ್ನ ಕಾಲಿನ ನರ ಎದ್ದು ನಿಂತಿವೆ ನೋಡಿ" ಎಂದು ಸೀರೆ ತುಸು ಎತ್ತಿ ತೋರಿಸುತ್ತಾಳೆ. ನೀಲಿ ಗಂಟುಗಳು. ದಿನವಿಡೀ ನಿಂತೇ ಮಾಡುವ ಕೆಲಸ. ಆದರೂ ಆ ಕುರ್ಚಿಯ ಪಕ್ಕದ ಜಾಗ ಬಿಡುವುದೆಂದರೆ ಅವಳಿಗೆ ಪ್ರಾಣ ಹೋದಂತೆ. ಬಿಡಬೇಕಾಗಬಹುದು ಎಂದು ಅಂದೇ ನನಗೆ ಗೊತ್ತಾಗುತ್ತದೆ. ಅವಳ ಮೇಲೆ ಒಂದು ದೂರು ಇದೆ.

ದೂರು ಕೊಟ್ಟವರನ್ನು ಪಡಸಾಲೆಯಲ್ಲಿ ಎಲ್ಲರೂ ಬಲ್ಲರು. ಹೃದಯದ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಹಾಗಾಗಿ ವಾರಕ್ಕೊಮ್ಮೆ ಬರಲೇಬೇಕು. ಏನು ಹೇಳಿದರೂ "ಸಾಕ್ಷಿ ಏನು?" ಎಂದು ಕೇಳುತ್ತಾರಾದ್ದರಿಂದ ಅವರ ಹೆಸರು ಸಾಕ್ಷಿ ಅಜ್ಜ. ಬೆಂಚಿನ ಮೇಲೆ ಅವರ ಪಕ್ಕ ಕೂತಾಗ ಮೊದಲು ನನ್ನ ಪತ್ರಿಕೆಯ ಗುರುತಿನ ಚೀಟಿ ಕೇಳುತ್ತಾರೆ. ಚಿತ್ರವನ್ನೂ ಮುಖವನ್ನೂ ಹೋಲಿಸಿ ನೋಡಿ, ಆಮೇಲೆ ಬಾಯಿ ಬಿಡುತ್ತಾರೆ.

"ಗೋಲ್ಡ್ ಫಿಶ್‌ಗೆ ನೆನಪು ಇರೋದು ಮೂರೇ ಸೆಕೆಂಡು ಅಂತ ಹೇಳಿದ್ಳು. ಇರಬಹುದು ಅನ್ನಿಸ್ತು. ಮೀನಿಗೆಷ್ಟು ತಲೆ ಇರುತ್ತೆ ಅಂತ ಒಪ್ಪಿಬಿಟ್ಟೆ. ಮನೆಗೆ ಹೋಗಿ ಮೊಮ್ಮಗಳಿಗೆ ಹೇಳಿದ್ರೆ, ಅವಳು ಅದೇ ಮೀನು ಸಾಕಿದ್ದಾಳೆ. 'ಅಜ್ಜ, ಬುರುಡೆ. ಇದಕ್ಕೆ ತಿಂಗಳುಗಟ್ಟಲೆ ನೆನಪಿರುತ್ತೆ, ಡಬ್ಬಿ ಅಲ್ಲಾಡಿಸಿದ್ರೆ ಓಡಿ ಬರುತ್ತೆ ನೋಡು' ಅಂತ ತೋರಿಸಿಯೇಬಿಟ್ಳು. ಬಂತು. ನನ್ನ ಮುಖ ಎಲ್ಲಿಡ್ಲಿ? ಬರ್ಕೊಳ್ಳಮ್ಮ, ಜೀವಮಾನದಲ್ಲಿ ನಾನು ಸಾಕ್ಷಿ ಕೇಳದೆ ನಂಬಿದ್ದು ಅದೊಂದನ್ನೇ. ಮೀನಿನ ವಿಷಯದಲ್ಲಿ ಸುಳ್ಳು ಹೇಳೋ ಲ್ಯಾಬು ನನ್ನ ರಕ್ತದ ವಿಷಯದಲ್ಲಿ ನಿಜ ಹೇಳುತ್ತೆ ಅನ್ನೋಕೆ ಸಾಕ್ಷಿ ಏನು?" ಮತ್ತೆ ಸೇರಿಸುತ್ತಾರೆ, "ಅವತ್ತು ಚುಚ್ಚಿದ್ದೂ ನೋಯ್ತು."

ಅವಳನ್ನು ಕೇಳಿದರೆ ತಪ್ಪನ್ನು ಮುಚ್ಚಿಡುವುದಿಲ್ಲ. "ನನ್ನದೇ ತಪ್ಪು. ಮೀನಿನ ವಿಷಯ ಹೇಳಿದಾಗ ಅತ್ತೆ ಬೈಲೇ ಇಲ್ಲ. 'ಮೀನಲ್ವಾ, ಅಷ್ಟೇ ಇರುತ್ತೆ' ಅಂದ್ರು. ಅತ್ತೆ ಅಷ್ಟು ಸುಲಭವಾಗಿ ಒಪ್ಪಿದ್ರೆ ಆ ಸಂಗತೀನ ಅಲ್ಲೇ ಬಿಡ್ಬೇಕಿತ್ತು. ಬೆಳಿಗ್ಗೆ ಅಜ್ಜನ ಹೊತ್ತಿಗೆ ಕೈಯಲ್ಲಿ ಬೇರೆ ಯಾವುದೂ ಇರ್ಲಿಲ್ಲ. ಮಗಳನ್ನೂ ಕೇಳಿರ್ಲಿಲ್ಲ. ಎಲ್ಲರೂ ಹೇಳೋದೇ ಅಲ್ವಾ ಅಂತ ಹೇಳ್ಬಿಟ್ಟೆ." ಒಂದು ಮೀನು ಅವಳ ಬದುಕಿಗೆ ಹುಳಿ ಹಿಂಡಿದೆ. ಲ್ಯಾಬಿನ ಇನ್‌ಚಾರ್ಜ್ ಕರೆದು, ನಾಳೆಯಿಂದ ರೋಗಿಗಳ ಜೊತೆ ಕೆಲಸದ ಮಾತು ಬಿಟ್ಟು ಒಂದಕ್ಷರ ಆಡುವಂತಿಲ್ಲ, ಆಡಿದ್ದು ಕಿವಿಗೆ ಬಿದ್ದರೆ ಮತ್ತೆ ಯಂತ್ರದ ಕೋಣೆಯೇ ಗತಿ ಎಂದು ಹೇಳಿದ್ದಾರೆ.

ವಾರ ಕಳೆದು ನಾನು ಮತ್ತೆ ಹೋಗುವ ಬೆಳಿಗ್ಗೆ ರಕ್ತದ ಕೋಣೆ ಬೇರೆಯೇ ಆಗಿದೆ. ಸಂಖ್ಯೆ, ಕೈ ಚಾಚಿ, ಮುಷ್ಟಿ ಹಿಡಿ, ಹತ್ತಿ ಒತ್ತಿ. ಅಷ್ಟೇ ಮಾತು. ಬಾಗಿಲ ಬಳಿ ಇನ್‌ಚಾರ್ಜ್ ಕೈಕಟ್ಟಿ ನಿಂತಿದ್ದಾರೆ. ಅದೇ ಕೈ, ಅದೇ ಸೂಜಿ. ಆದರೆ ಕುರ್ಚಿಗೆ ಬಂದವರೆಲ್ಲ ಸೂಜಿಯನ್ನೇ ನೋಡುತ್ತಾರೆ. ಒಬ್ಬಳು ತೋಳು ಹಿಂದಕ್ಕೆಳೆದುಕೊಳ್ಳುತ್ತಾಳೆ, ಒಬ್ಬ "ಅಯ್ಯೋ" ಎಂದು ಕೂಗಿ ಪಡಸಾಲೆಯನ್ನೆಲ್ಲ ಹೆದರಿಸುತ್ತಾನೆ. ಸಾಲು ತೆವಳುತ್ತಿದೆ. ನನಗೆ ಅವಳನ್ನು ನೋಡಲು ಆಗುವುದಿಲ್ಲ.

ಸಾಕ್ಷಿ ಅಜ್ಜ ಒಳಗೆ ಬಂದು ಕೂತು, ತೋಳು ಚಾಚಿ, ಕಾಯುತ್ತಾರೆ. ಅವಳು ಪಟ್ಟಿ ಬಿಗಿಯುತ್ತಾಳೆ. ಅವರು ಕತ್ತು ಓರೆ ಮಾಡಿ ಇನ್ನೂ ಕಾಯುತ್ತಾರೆ. ಮಾತು ಬರುವುದಿಲ್ಲ. ತೋಳು ಕಟ್ಟಿಗೆಯಂತೆ ಬಿಗಿಯುತ್ತದೆ, ನರ ಜಾರುತ್ತದೆ, ಅಜ್ಜ "ಸ್‌ಸ್" ಎನ್ನುತ್ತಾರೆ. ಅವಳು ಸೂಜಿ ತೆಗೆದು ಹತ್ತಿ ಒತ್ತುತ್ತಾಳೆ. ಅವಳ ಕಣ್ಣಲ್ಲಿ ನೀರು ಬಂದಿದೆ. ತೆಳುವಾದ ರಕ್ತ ನಿಲ್ಲಲು ತಡವಾಗುತ್ತದೆ, ಅಲ್ಲಿಯವರೆಗೂ ಅವಳೇ ಒತ್ತಿ ಹಿಡಿದು ನಿಲ್ಲುತ್ತಾಳೆ.

"ಏನಮ್ಮ, ಇವತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ?"

ಅವಳು ಬಾಗಿಲ ಕಡೆ ನೋಡುತ್ತಾಳೆ. ಇನ್‌ಚಾರ್ಜ್ ಗಂಟಲು ಸರಿಮಾಡಿಕೊಂಡು, "ನಿಮ್ಮ ದೂರಿನ ಮೇಲೇ ಕ್ರಮ ತಗೊಂಡಿರೋದು ಸರ್. ಇನ್ಮುಂದೆ ಇವರು ಏನೂ ಹೇಳಲ್ಲ" ಎನ್ನುತ್ತಾರೆ.

"ಸುಳ್ಳು ಹೇಳ್ಬೇಡ ಅಂದೆ. ಏನೂ ಹೇಳ್ಬೇಡ ಅಂತ ನಾನೆಲ್ಲಿ ಅಂದೆ? ಸಾಕ್ಷಿ ಏನು?"

ಅಜ್ಜ ಬಲಗೈ ಮಡಚಿ ಎಡಗೈ ಚಾಚುತ್ತಾರೆ. ಅವಳು ಪಟ್ಟಿಯನ್ನು ಆ ತೋಳಿಗೆ ಬಿಗಿಯುತ್ತಾಳೆ. ಅಜ್ಜ ಮೇಲೆ ತಿರುಗುತ್ತಿರುವ ಫ್ಯಾನನ್ನು ನೋಡುತ್ತಾರೆ, ಗೋಡೆಯನ್ನು ನೋಡುತ್ತಾರೆ. ಆಮೇಲೆ ತಟ್ಟನೆ ತಾವೇ ಶುರು ಮಾಡುತ್ತಾರೆ. ರೋಗಿ ಮಾತಾಡಬಾರದು ಎಂದು ಯಾರೂ ಹೇಳಿಲ್ಲ.

"ಗೀರಿ ಹೊತ್ತಿಸ್ತೀವಲ್ಲ ಬೆಂಕಿಕಡ್ಡಿ, ಅದಕ್ಕಿಂತ ಮೊದಲೇ ಲೈಟರ್ ಇತ್ತು. ಗೊತ್ತಾ?"

ಅವಳು ಎಡ ಹುಬ್ಬನ್ನು ಮಾತ್ರ ಮೆಲ್ಲಗೆ ಮೇಲಕ್ಕೆತ್ತುತ್ತಾಳೆ. ಸುಳ್ಳು ಎಂದು ಅಷ್ಟು ಸ್ಪಷ್ಟವಾಗಿ ಹೇಳುವ ಹುಬ್ಬನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಜ್ಜ ಕೆರಳುತ್ತಾರೆ. "ಏನು, ನಂಬಲ್ವಾ? ನನ್ನನ್ನೇ ನಂಬಲ್ವಾ? ಒಬ್ಬ ಜರ್ಮನ್ ರಸಾಯನ ಶಾಸ್ತ್ರಜ್ಞ ಲೈಟರ್ ಮಾಡಿದ ಮೂರು ವರ್ಷಕ್ಕೆ ಬೆಂಕಿಕಡ್ಡಿ ಬಂದಿದ್ದು. ಸಾಕ್ಷಿ ಇದೆ, ಮೊಮ್ಮಗಳ ಕೈಲಿ ಎರಡು ಕಡೆ ನೋಡಿಸಿದ್ದೀನಿ, ತಡಿ, ತೋರಿಸ್ತೀನಿ..." ಎಂದು ಬಲಗೈಯಿಂದ ಜೇಬು ತಡಕುತ್ತಾರೆ. ಕನ್ನಡಕ ಸಿಗುತ್ತದೆ, ಫೋನು ಸಿಗುವುದಿಲ್ಲ. ಹುಬ್ಬು ಇನ್ನೂ ಮೇಲೇ ಇದೆ. "ತಡಿ ಅಂದೆನಲ್ಲ!"

"ಹತ್ತಿ ಒತ್ತಿ ಹಿಡ್ಕೊಳ್ಳಿ ಅಜ್ಜ. ಆಯ್ತು."

ಅಜ್ಜ ತೋಳು ನೋಡಿಕೊಳ್ಳುತ್ತಾರೆ. ಟ್ಯೂಬು ನೋಡುತ್ತಾರೆ. ಅವಳನ್ನು ನೋಡುತ್ತಾರೆ. ಪಡಸಾಲೆಯಲ್ಲಿ ಯಾರೋ ಜೋರಾಗಿ ನಕ್ಕು, ನಗು ಬೆಂಚಿನಿಂದ ಬೆಂಚಿಗೆ ಹಬ್ಬುತ್ತದೆ. ದೂರು ವಾಪಸ್ಸು ತೆಗೆದುಕೊಳ್ಳುತ್ತೀರಾ ಎಂದು ಇನ್‌ಚಾರ್ಜ್ ಕೇಳಿದ್ದಕ್ಕೆ ಅಜ್ಜ ಸೆಟೆದು ನಿಲ್ಲುತ್ತಾರೆ. "ಯಾಕ್ರೀ ತಗೊಳ್ಳಲಿ? ಮೀನಿನ ವಿಷಯ ಸುಳ್ಳು ಅಂದ್ರೆ ಸುಳ್ಳೇ. ದೂರು ಇರಲಿ. ಮುಂದಿನ ವಾರಾನೂ ಇವಳೇ ಚುಚ್ಬೇಕು, ಮಾತಾಡ್ಕೊಂಡೇ ಚುಚ್ಬೇಕು. ಹೇಳಿದ್ದನ್ನೆಲ್ಲ ಮನೆಗೆ ಹೋಗಿ ನಾನೇ ನೋಡ್ತೀನಿ. ಸುಳ್ಳು ಸಿಕ್ರೆ ಬಿಡಲ್ಲ."

ಇನ್‌ಚಾರ್ಜ್ ಆಚೆ ಉದ್ದವಾದ ಸಾಲನ್ನೂ, ಈಚೆ ಅವಳನ್ನೂ ನೋಡುತ್ತಾರೆ. "ಖಚಿತ ಇದ್ರೆ ಮಾತ್ರ ಹೇಳಿ" ಎಂದು ಗೊಣಗಿ, ತಮ್ಮ ಕೋಣೆಗೆ ನಡೆಯುತ್ತಾರೆ. ಮುಂದಿನ ಟೋಕನ್ನಿನ ತರಕಾರಿ ಅಂಗಡಿಯವಳು ಕೂರುತ್ತಲೇ, "ನಾನೂ ಒಂದು ಹೇಳ್ತೀನಿ ಅಕ್ಕ" ಎಂದು ಕಾಲು ಮಡಚಿಕೊಳ್ಳುತ್ತಾಳೆ.

ಬಿಸಿಲು ಏರಿದ ಮೇಲೆ ಅವಳು ಮೇಜು ಒರೆಸುತ್ತಿರುವಾಗ ಕೇಳುತ್ತೇನೆ, ಲೈಟರಿನ ಸಂಗತಿ ನಿಜವೇ? "ಮಗಳನ್ನ ಕೇಳ್ಬೇಕು ಮೇಡಂ. ಅತ್ತೆ ಮಾತ್ರ ಬೈದೇ ಬೈತಾರೆ, ಹಾಗಾದ್ರೆ ನಿಜಾನೇ ಇರ್ಬೇಕು." ಈ ಅಂಕಣದ ವಾಡಿಕೆಯಂತೆ, ಏನಾದರೂ ಆಸೆ ಇದೆಯೇ ಎಂದೂ ಕೇಳುತ್ತೇನೆ. ಸಂಬಳ ಹೆಚ್ಚಲಿ, ಮಗಳಿಗೆ ಕೆಲಸ ಸಿಗಲಿ, ಕಾಲು ನೋವು ಹೋಗಲಿ, ಇಂಥದ್ದೇನೋ ಹೇಳುತ್ತಾಳೆಂದು ಪೆನ್ನು ತೆರೆದು ಕಾಯುತ್ತೇನೆ. ಅವಳು ರಬ್ಬರ್ ಪಟ್ಟಿಯನ್ನು ಬೆರಳಿಗೆ ಸುತ್ತಿ ಡಬ್ಬಿಗೆ ಹಾಕುತ್ತಾ ಬಾಗಿಲಾಚೆ ನೋಡುತ್ತಾಳೆ. ಅಲ್ಲಿ ಸಾಕ್ಷಿ ಅಜ್ಜ ಬೆಂಚಿನ ಮೇಲೆ ಕೂತು, ಕೊನೆಗೂ ಸಿಕ್ಕಿದ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಪಕ್ಕದವರಿಗೆ ಏನನ್ನೋ ರುಜುವಾತು ಮಾಡುತ್ತಿದ್ದಾರೆ.

"ಅಜ್ಜ ಇನ್ನೂ ಬಹಳ ವರ್ಷ ನನ್ನನ್ನ ನಂಬದೇ ಇರಲಿ" ಎನ್ನುತ್ತಾಳೆ.